ಕೈನೀರು

ಪ್ರೇಮಕುಮಾರಿಯ ಫೋನ್ ಬಂದಾಗ ನಾನು ಚನ್ನರಾಯಪಟ್ಟಣದಲ್ಲಿ ಗಂಗಯ್ಯನವರನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದೆ. ಸೊಂಟ ಮುರಿದುಕೊಂಡು ಏಳು ತಿಂಗಳಿಂದ ಹಾಸಿಗೆ ಹಿಡಿದವರು ಅವರು. ಒಂದು ಕೈಯಲ್ಲಿ ಅವರ ಭುಜ ಹಿಡಿದುಕೊಂಡೇ ಫೋನನ್ನು ಕಿವಿಗೆ ಸಿಕ್ಕಿಸಿಕೊಂಡೆ.

“ಅತ್ತಿಗೆ, ಮಾವ ಬಚ್ಚಲು ಮನೇಲಿ ಬಿದ್ಬುಟ್ರು. ಮಾತೇ ಬತ್ತಿಲ್ಲ. ಬಾಯಿ ಒಂದ್ ಕಡೀಕೆ ಎಳ್ಕಂಡದೆ.”

ಪ್ರೇಮ ನನ್ನ ತಮ್ಮ ರುದ್ರೇಶನ ಹೆಂಡತಿ. ಅವಳ ಮಾವ ಎಂದರೆ ನನ್ನ ಅಪ್ಪ, ಅರಕಲಗೂಡಿನಲ್ಲಿ ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದ ಷಡಕ್ಷರಪ್ಪ.

“ಬಲಗೈ ಎತ್ತುತ್ತಾರಾ ನೋಡು.”

“ಇಲ್ಲ ಅತ್ತಿಗೆ, ನೇತಾಡ್ತದೆ.”

“ಹಾಗಾದ್ರೆ ಎಲ್ಲೂ ನಿಲ್ಲಿಸ್ದೆ ಹಾಸನಕ್ಕೆ ಕರ್ಕೊಂಡ್ ಬನ್ನಿ. ಬಾಯಿಗೆ ನೀರು ಮಾತ್ರ ಹಾಕ್ಬೇಡಿ.”

ಕೊನೆಯ ಮಾತು ಹೇಳಿದ ಮೇಲೆ ನನಗೇ ಒಂಥರಾ ಆಯಿತು. ಅಪ್ಪನ ಬಾಯಿಗೆ ನೀರು ಹಾಕುವ ವಿಷಯದಲ್ಲಿ ಮಾತಾಡಲು ನಾನು ಯಾರು? ಹದಿಮೂರು ವರ್ಷದಿಂದ ಅವರು ನನ್ನ ಕೈಯಿಂದ ಒಂದು ಲೋಟ ನೀರು ತೆಗೆದುಕೊಂಡವರಲ್ಲ.

ನಾನು ಹೋಮ್ ನರ್ಸ್. ಹಾಗೆ ಕರೆಯುತ್ತಾರೆ, ನರ್ಸಿಂಗ್ ಓದಿದವಳಲ್ಲ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಮಗ್ಗುಲು ಹೊರಳಿಸುವುದು, ತಿನ್ನಿಸುವುದು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ ಎಂದು ಬಸ್ಸು ಹತ್ತಿ ಇಳಿದು ಎಷ್ಟು ಜನರಿಗೆ ತಿನ್ನಿಸಿದ್ದೇನೋ. ಕೆಲವರು ಉಗಿದಿದ್ದಾರೆ, ಕೆಲವರು ಬೆರಳು ಕಚ್ಚಿದ್ದಾರೆ, ಕೊನೆಗೆ ಎಲ್ಲರೂ ನುಂಗಿದ್ದಾರೆ. ಅಪ್ಪ ಒಬ್ಬರನ್ನು ಬಿಟ್ಟು.

ಹತ್ತು ದಿನ ಆಸ್ಪತ್ರೆಯಲ್ಲಿಟ್ಟುಕೊಂಡ ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದರು. ರುದ್ರೇಶ ವಾರ್ಡಿನ ಹೊರಗೆ ಬೆಂಚಿನ ಮೇಲೆ ತಲೆ ಹಿಡಿದು ಕೂತಿದ್ದ.

“ಅಕ್ಕ, ನೀನೇ ಬಂದ್ಬುಡು. ಊರೋರ್ಗೆಲ್ಲ ಮಾಡ್ತೀಯ.”

“ಅಪ್ಪ ಒಪ್ತಾರೇನೋ?”

“ಒಪ್ಪೋಕೆ ಬಾಯಿ ಎಲ್ಲದೆ ಈಗ?”

ಅವನು ಒರಟಾಗಿ ಹೇಳಿದ್ದಲ್ಲ, ದಣಿದಿದ್ದ. ಆದರೆ ಆ ಮಾತು ಕೇಳಿದೊಡನೆ ನನ್ನೊಳಗೆ ಒಂದು ಆಸೆ ಎದ್ದು ಕೂತದ್ದು ಸುಳ್ಳಲ್ಲ. ಇನ್ನಾದರೂ ಅಪ್ಪ ನನ್ನ ಕೈಯಲ್ಲಿ ಒಂದು ಗುಟುಕು ನೀರು ಕುಡಿಯಬಹುದು. ಕುಡಿದರೆ ಹದಿಮೂರು ವರ್ಷದ್ದು ಅಲ್ಲಿಗೆ ಮುಗಿದ ಹಾಗೆ. ಗಂಗಯ್ಯನವರ ಮನೆಗೆ ಬೇರೆಯವರನ್ನು ಗೊತ್ತು ಮಾಡಿ, ಮಗಳು ತೇಜಶ್ರೀಯನ್ನು ಹಾಸ್ಟೆಲಿಗೆ ಬಿಟ್ಟು, ಅರಕಲಗೂಡಿಗೆ ಹೊರಟೆ.

ಅಪ್ಪನಿಗೂ ನನಗೂ ನಡುವೆ ಏನಾಗಿತ್ತು ಎನ್ನುವುದನ್ನು ಇಲ್ಲೇ ಹೇಳಬೇಕು.

ತೇಜಶ್ರೀಗೆ ಮೂರು ವರ್ಷವಿದ್ದಾಗ ನನ್ನ ಗಂಡ ಹಾಸನದಲ್ಲಿ ಕಟ್ಟಡದ ಮೇಲಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಎಂಟು ತಿಂಗಳು ಬದುಕಿದ್ದರು. ಆ ಎಂಟು ತಿಂಗಳಲ್ಲಿ ನಾನು ಏನಾಗಿದ್ದೆ ಎಂದು ನೆನೆದರೆ ನಾಚಿಕೆಯಾಗುತ್ತದೆ. ಅವರ ಬಟ್ಟೆ ಬದಲಿಸುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಅವರು ನನ್ನ ಮುಖ ನೋಡುತ್ತಿದ್ದರು, ನಾನು ಗೋಡೆ ನೋಡುತ್ತಿದ್ದೆ. ಮಗುವನ್ನು ಕಟ್ಟಿಕೊಂಡು ಯಾವುದಾದರೂ ಕೆರೆಗೆ ಬೀಳೋಣ ಅನ್ನಿಸಿದ್ದು ಒಂದು ಸಲವಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಮಂಚದ ರೋಗಿಯನ್ನು ನೋಡಿಕೊಳ್ಳಲು ಜೋಜಮ್ಮ ಎಂಬ ಹೆಂಗಸು ಬರುತ್ತಿದ್ದಳು. ಅರವತ್ತು ದಾಟಿದವಳು, ಶೆಟ್ಟಿಹಳ್ಳಿ ಕಡೆಯ ಹಳೇ ಕ್ರೈಸ್ತರ ಮನೆಯವಳು. ಒಂದು ಮಧ್ಯಾಹ್ನ ನಾನು ಬಕೆಟ್ಟಿನ ಮುಂದೆ ಕೂತು ಅಳುತ್ತಿದ್ದಾಗ ಏನೂ ಕೇಳದೆ ಬಂದು ನನ್ನ ಗಂಡನ ಮೈ ಒರೆಸತೊಡಗಿದಳು.

“ನಿಮಗ್ಯಾಕಮ್ಮ ಇದು? ನಿಮಗೇನಾಗ್ಬೇಕು ಅವರು?” ಎಂದೆ.

“ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ್ನಲ್ಲ, ಅವ್ರೇನು ಅವ್ನ ಚಿಕ್ಕಪ್ಪನ ಮಕ್ಕಳಾ?” ಎಂದು ನಕ್ಕಳು. “ಬಾ ಇಲ್ಲಿ, ಈ ಕಡೆ ಹಿಡ್ಕೋ. ಮೂಗು ಬಿಡು ಮೊದ್ಲು. ವಾಸ್ನೆ ಎರಡು ನಿಮಿಷ, ಆಮೇಲೆ ಮೂಗೇ ಸೋತೋಯ್ತದೆ.”

ಮೂಗು ಸೋಲಲು ಎರಡು ನಿಮಿಷವಲ್ಲ, ಎರಡು ವಾರ ಹಿಡಿಯಿತು. ಆದರೆ ಅವಳ ಜೊತೆ ಕೈ ಹಾಕಿದ ಮೇಲೆ ಆ ಮೈ ನನ್ನ ತಲೆ ಮೇಲಿನ ಹೊರೆಯಾಗಿ ಕಾಣುವುದು ನಿಂತಿತು. ಅಲ್ಲಿಯವರೆಗೆ ನನಗೆ ದೇವರೆಂದರೆ ಹೋಗಿ ಏನನ್ನಾದರೂ ಬೇಡಿಕೊಳ್ಳುವ ಜಾಗ. ದೇವರಿಗೆ ನನ್ನಿಂದಲೂ ಒಂದು ಕೆಲಸ ಆಗಬೇಕಿದೆ, ಅದಕ್ಕೇ ನನ್ನನ್ನು ಉಳಿಸಿಕೊಂಡಿದ್ದಾನೆ ಎಂದು ಅನ್ನಿಸಿದ್ದು ಆ ವಾರ್ಡಿನಲ್ಲಿ. ಕೊನೆಯ ತಿಂಗಳು ನನ್ನ ಗಂಡನ ಮುಖ ನೋಡಿಕೊಂಡೇ ತಿನ್ನಿಸಿದೆ. “ಈಗ ಕಣೇ ನೀನು ನನ್ ಕಡೆ ನೋಡ್ತಿರೋದು” ಅಂದರು ಒಂದು ದಿನ. ಆ ಮಾತು ಇವತ್ತಿಗೂ ನನ್ನನ್ನು ಬೆಳಿಗ್ಗೆ ಎಬ್ಬಿಸುತ್ತದೆ.

ಅವರು ತೀರಿಕೊಂಡ ಮೇಲೆ ಜೋಜಮ್ಮನ ಜೊತೆ ಚರ್ಚಿಗೆ ಹೋಗತೊಡಗಿದೆ. ಜ್ಞಾನಸ್ನಾನ ಪಡೆದು ಕ್ರೈಸ್ತಳಾಗಬೇಕು ಎಂದಾಗ ಅಲ್ಲಿನ ಫಾದರ್, “ಅವಸರವೇನೂ ಇಲ್ಲಮ್ಮ. ಓದಿ, ಯೋಚಿಸಿ. ನಿಮ್ಮ ತಂದೆಯವರ ಹತ್ತಿರ ಮಾತಾಡಿಕೊಂಡು ಬನ್ನಿ” ಎಂದರು. ಅಷ್ಟು ತಾಳ್ಮೆ ನನಗೆಲ್ಲಿತ್ತು? ಹೊಸದಾಗಿ ಜೀವ ಬಂದವಳ ಹಾಗೆ ಕುಣಿಯುತ್ತಿದ್ದೆ. ಹಳೆಯದು ಒಂದೂ ಉಳಿಯಬಾರದು ಎಂದು ನಾನೇ ತೀರ್ಮಾನ ಮಾಡಿಕೊಂಡೆ.

ನನ್ನ ಕೊರಳಲ್ಲಿ ಇಷ್ಟಲಿಂಗವಿತ್ತು. ನಮ್ಮ ಲಿಂಗವಂತರ ಮನೆಗಳಲ್ಲಿ ಚಿಕ್ಕಂದಿನಲ್ಲೇ ಕಟ್ಟುತ್ತಾರೆ. ಸಾಯುವವರೆಗೂ ಅದು ಮೈಮೇಲಿರಬೇಕು, ಸತ್ತ ಮೇಲೆ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ನನಗೆ ಅಯ್ನೋರು ಲಿಂಗ ಕಟ್ಟಿದ ದಿನ ತೊಡೆಯ ಮೇಲೆ ಕೂರಿಸಿಕೊಂಡಿದ್ದವರು ಅಪ್ಪ. ಅದರ ದಾರವನ್ನು, ಶಿವದಾರವನ್ನು, ಪ್ರತಿವರ್ಷ ತಾವೇ ಹತ್ತಿಯಿಂದ ಹೊಸೆಯುತ್ತಿದ್ದರು. ಮದುವೆಯಾಗಿ ಹೋದ ಮೇಲೂ ವರ್ಷಕ್ಕೊಂದು ದಾರ ಯಾರ ಕೈಯಲ್ಲಾದರೂ ಕಳಿಸುತ್ತಿದ್ದರು.

ಆಗ ಹೊಳೆನರಸೀಪುರದಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತ್ತು. ಒಂದು ಬೆಳಿಗ್ಗೆ ಹೊಳೆಗಿಳಿದು, ಮೊಣಕಾಲುದ್ದ ನೀರಲ್ಲಿ ನಿಂತು, ಕೊರಳಿಂದ ಅದನ್ನು ತೆಗೆದು ಹೇಮಾವತಿಗೆ ಬಿಟ್ಟೆ. ಎಸೆಯಲಿಲ್ಲ, ಬಿಟ್ಟೆ ಎಂದು ಸಮಾಧಾನ ಮಾಡಿಕೊಂಡೆ. ಜೋಜಮ್ಮನಿಗೆ ಹೆಮ್ಮೆಯಿಂದ ಹೇಳಿದರೆ ಅವಳು ಕೈಲಿದ್ದ ಕಾಫಿ ಲೋಟ ಕೆಳಗಿಟ್ಟಳು.

“ಅಯ್ಯೋ ನನ್ ಕೂಸೆ, ಅಂಗ್ ಮಾಡು ಅಂತ ಯಾರು ಏಳಿದ್ರು ನಿಂಗೆ? ನಮ್ಮಜ್ಜಿ ಜಪಸರಾನ ಯಾರಾರ ಒಳೆಗಾಕಿದ್ರೆ ನಾನು ಸುಮ್ಕಿರ್ತಿದ್ನಾ? ನಿಮ್ಮಪ್ಪಂಗೆ ಗೊತ್ತಾ?”

ಗೊತ್ತಿರಲಿಲ್ಲ. ಮುಂದಿನ ಭಾನುವಾರ ನಾನೇ ಹೋಗಿ ಹೇಳಿದೆ. ಅಪ್ಪ ಆಗ ತಾನೇ ಪೂಜೆ ಮುಗಿಸಿ ಹಣೆಗೆ ವಿಭೂತಿ ಇಟ್ಟುಕೊಂಡು ಬಂದು ಕೂತಿದ್ದರು. ಬೈಯುತ್ತಾರೆ, ಹೊಡೆಯುತ್ತಾರೆ, ನಾನು ನನ್ನ ದೇವರಿಗಾಗಿ ಅದನ್ನು ತಡೆದುಕೊಳ್ಳುತ್ತೇನೆ ಎಂದು ಎಣಿಸಿಕೊಂಡು ಹೋಗಿದ್ದೆ. ಅವರು ಹೆಗಲ ಮೇಲಿನ ಟವೆಲು ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

“ಯೇಸುನ ನಂಬ್ತೀನಿ ಅಂದ್ರೆ ನಂಬವ್ವ,” ಎಂದರು ಆಮೇಲೆ. “ಆ ಮಹಾತ್ಮ ಏನ್ ತಪ್ಪು ಮಾಡವ್ನೆ? ನಿನ್ ಕಷ್ಟಕ್ಕೆ ಆದೋನು ನಿನ್ ದೇವ್ರು. ಆದ್ರೆ ಕಟ್ಟಿದ್ದನ್ನ ಬಿಚ್ಚೋಕೆ ಮುಂಚೆ ಕಟ್ಟಿದೋನ್ನ ಒಂದ್ ಮಾತು ಕೇಳ್ಬೇಕಾಗಿತ್ತು. ನನ್ ಕೈಗೇ ತಂದ್ಕೊಟ್ಟಿದ್ರೆ ನಾನೇ ಇಟ್ಕೊಂಡು ಪೂಜೆ ಮಾಡ್ಕೋತಿರ್ಲಿಲ್ವಾ?”

ನನ್ನ ಕೈ ತಾನಾಗಿ ಬರಿಗೊರಳಿಗೆ ಹೋಯಿತು.

“ಲಿಂಗ ಓಯ್ತು ಅಂದ್ರೆ ಪ್ರಾಣ ಓದಂಗೆ ನಮ್ಮಲ್ಲಿ. ನೀನು ಅದನ್ನ ನೀರ್ಗಾಕಿ ಬಂದು ನನ್ ಮುಂದೆ ನಿಂತು ನಗ್ತಾ ಇದ್ದೀಯ.”

ನಾನು ನಗುತ್ತಿದ್ದೆನೇ? ಇರಬಹುದು. ಆ ದಿನಗಳಲ್ಲಿ ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವವಳ ಹಾಗೆ ಮುಖವನ್ನು ಯಾವಾಗಲೂ ಅರಳಿಸಿಕೊಂಡೇ ಇರುತ್ತಿದ್ದೆ.

ಆಮೇಲೆ ಅವರು ನನ್ನನ್ನು ಮನೆಗೆ ಬರಬೇಡ ಅನ್ನಲಿಲ್ಲ. ಆದರೆ ಲಿಂಗವಿಲ್ಲದವರನ್ನು ನಮ್ಮಲ್ಲಿ ಭವಿ ಎನ್ನುತ್ತಾರೆ. ಅಪ್ಪನಂಥ ಹಳೇ ನೇಮದವರು ಭವಿಯ ಕೈಯಲ್ಲಿ ಅನ್ನ ನೀರು ಮುಟ್ಟುವುದಿಲ್ಲ. ನಾನು ಹೋದರೆ “ಬನ್ನಿ, ಕೂತ್ಕೊಳ್ಳಿ” ಎಂದು ನೆಂಟರಿಗೆ ಹೇಳುವ ಹಾಗೆ ಹೇಳಿ ಪೇಪರು ಹಿಡಿಯುತ್ತಿದ್ದರು. ತೇಜಶ್ರೀ ಬೆಳೆದ ಮೇಲೆ ಇದನ್ನೇ ತಮಾಷೆ ಮಾಡುತ್ತಿದ್ದಳು. “ತಾತ ನಿಂಗೆ ಬನ್ನಿ ಅಂತಾರೆ, ನಂಗೆ ಬಾರೇ ಕತ್ತೆ ಅಂತಾರೆ. ಮನೇಲಿ ನಿಂಗೇ ಕಣಮ್ಮ ಜಾಸ್ತಿ ಮರ್ಯಾದೆ!” ಅಪ್ಪನಿಗೂ ನಗು ಬರುತ್ತಿತ್ತು, ಪೇಪರಿನ ಹಿಂದೆ. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದೆ.

ಜ್ಞಾನಸ್ನಾನವಾದ ಮೇಲೆ ಒಂದು ದಿನ ಪಾಪನಿವೇದನೆಯಲ್ಲಿ ಫಾದರ್ ಮುಂದೆ ಇದನ್ನು ಹೇಳಿಕೊಂಡೆ. ದೇವರನ್ನು ಸೇರುವ ಭರದಲ್ಲಿ ಅಪ್ಪನನ್ನು ತುಳಿದುಕೊಂಡು ಹೋದೆ ಎಂದೆ. ಫಾದರ್ ಕ್ಷಮೆಯ ಪ್ರಾರ್ಥನೆ ಹೇಳಿ, “ದೇವರು ಕ್ಷಮಿಸಿದ್ದಾನೆ, ತಂದೆಯವರ ಕ್ಷಮೆಯನ್ನು ನೀವೇ ಹೋಗಿ ಕೇಳಿ” ಎಂದರು. ಕೇಳಿದೆ ಕೂಡ, ಎರಡು ಸಲ. “ನಾನ್ಯಾರು ಕ್ಷಮ್ಸೋಕೆ, ಬಿಡಿ” ಎಂದರು ಅಪ್ಪ. ಕೋಪ ಇರಲಿಲ್ಲ ಆ ಮಾತಿನಲ್ಲಿ. ಕೋಪ ಇದ್ದಿದ್ದರೆ ಚೆನ್ನಾಗಿತ್ತು.

ಹಾಗಿದ್ದ ಅಪ್ಪನ ಕೋಣೆಗೆ ಈಗ ಏರ್‌ಬೆಡ್ಡು, ಡೈಪರಿನ ಕಟ್ಟು ಹಿಡಿದು ಹೋಗಿ ನಿಂತೆ. ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ಹೋಗಿತ್ತು, ಆದರೆ ಎಡಗೈ ಚೆನ್ನಾಗಿತ್ತು. ಬೆಳಿಗ್ಗೆ ರುದ್ರೇಶ ಎಡ ಅಂಗೈಯಲ್ಲಿ ಲಿಂಗ ಇಟ್ಟರೆ ಬೆರಳು ಮಡಿಸಿ ಹಿಡಿದುಕೊಳ್ಳುತ್ತಿದ್ದರು, ನೋಟವನ್ನು ಅಲ್ಲೇ ನೆಟ್ಟು. ಬುದ್ಧಿ ಸರಿಯಿತ್ತು.

ಮೊದಲ ದಿನವೇ ಚಮಚದಲ್ಲಿ ನೀರು ತೆಗೆದುಕೊಂಡು ಹತ್ತಿರ ಕೂತೆ. “ಅಪ್ಪ, ಒಂದು ಗುಟುಕು” ಎಂದೆ. ಅವರು ನನ್ನನ್ನು ನೋಡಿದರು, ಗುರುತು ಹಿಡಿದು ನೋಡಿದರು. ಆಮೇಲೆ ಎಡಗೈಯನ್ನು ನಿಧಾನವಾಗಿ ಎತ್ತಿ ನನ್ನ ಮಣಿಕಟ್ಟನ್ನು ಪಕ್ಕಕ್ಕೆ ಸರಿಸಿದರು. ತಳ್ಳಲಿಲ್ಲ, ಸರಿಸಿದರು. ನೀರು ಹೊದಿಕೆಯ ಮೇಲೆ ಚೆಲ್ಲಿತು.

ಬಾಗಿಲಲ್ಲಿ ನಿಂತಿದ್ದ ಪ್ರೇಮ ಸೆರಗು ಬಾಯಿಗೆ ಒತ್ತಿಕೊಂಡಳು. ನಾನೇ ಅವಳನ್ನು ಕರೆದೆ. “ಬಾ ಪ್ರೇಮ, ನೀನೇ ಕೊಡು. ಹೇಗೆ ಅಂತ ನಾನು ಹೇಳ್ತೀನಿ.”

ಅವತ್ತಿಂದ ಹಾಗೇ ನಡೆಯಿತು. ಮೈ ಮುಟ್ಟಲು ಅಪ್ಪ ಬಿಟ್ಟರು. ಹೊರಳಿಸಿದೆ, ಒರೆಸಿದೆ, ಬಟ್ಟೆ ಬದಲಿಸಿದೆ, ಉಗುರು ಕತ್ತರಿಸಿದೆ. ಊಟ ಮಾತ್ರ ಪ್ರೇಮಳ ಕೈಯಲ್ಲಿ. ಗಂಜಿ ಕಾಯಿಸುವುದೂ ಅವಳೇ. ನಾನು ಬಾಗಿಲ ಹೊರಗೆ, ಅಪ್ಪನ ಕಣ್ಣಿಗೆ ಬೀಳದ ಕಡೆ ನಿಂತು ಹೇಳಿಕೊಡುತ್ತಿದ್ದೆ.

“ತಲೆ ಹಿಂದಕ್ಕೆ ಬೀಳ್ಬಾರ್ದು, ದಿಂಬು ಇನ್ನೊಂದಿಡು. ಗಲ್ಲ ಎದೆ ಕಡೆ ಬಗ್ಗಿರ್ಬೇಕು. ಎಡಗಡೆ ಕೆನ್ನೆಗೆ ಹಾಕು. ಗಂಟಲು ಮೇಲೆ ಹೋಗಿ ಕೆಳಗಿಳಿಯೋವರೆಗೂ ಇನ್ನೊಂದು ಚಮಚ ಕೊಡ್ಬೇಡ.”

“ಅಯ್ಯೋ ಅತ್ತಿಗೆ, ನಮ್ ಪಾಪುಗೂ ಇಷ್ಟು ನಾಜೂಕಾಗಿ ತಿನ್ಸಿರ್ಲಿಲ್ಲ ನಾನು. ಬೆತ್ತ ಒಂದಿದ್ರೆ ನೀವು ಥೇಟು ನಮ್ ಹೈಸ್ಕೂಲ್ ಟೀಚರ್ರೇ.”

ಅವಳು ಒಳ್ಳೆಯವಳು. ಅಂಗಡಿಗೂ ಹೋಗಿ ಕೂತು, ಅಡುಗೆಯನ್ನೂ ಮಾಡಿ, ಇದನ್ನೂ ಕಲಿತಳು. ಅಪ್ಪ ಎರಡು ವಾರದಲ್ಲಿ ಸ್ವಲ್ಪ ಚೇತರಿಸಿಕೊಂಡರು, ಆಮೇಲೆ ಮತ್ತೆ ಇಳಿಯತೊಡಗಿದರು. ಹಗಲೆಲ್ಲ ಮಂಪರು. ಅಂಗೈಯಲ್ಲಿಟ್ಟ ಲಿಂಗದ ಮೇಲೆ ಬೆರಳು ಮಡಿಸುವುದು ನಿಂತಿತು. ರುದ್ರೇಶ ತಾನೇ ಅವರ ಬೆರಳುಗಳನ್ನು ಮುಚ್ಚಿ ಹಿಡಿದುಕೊಳ್ಳುತ್ತಿದ್ದ.

ಐದನೆಯ ವಾರದ ಒಂದು ಬೆಳಿಗ್ಗೆ ಪ್ರೇಮ ಗಂಜಿ ತಂದು ಕೂತಿದ್ದಳು, ಅಷ್ಟರಲ್ಲಿ ಅಂಗಡಿಯಿಂದ ರುದ್ರೇಶ ಕೂಗಿದ. ಗೊಬ್ಬರದ ಲಾರಿಯೊಂದು ಅಡ್ಡ ನಿಂತು ಏನೋ ಜಗಳವಾಗಿತ್ತು. ಅವಳು ಬಟ್ಟಲನ್ನು ನನ್ನ ಕೈಗಿಟ್ಟಳು.

“ನೀವೇ ಕೊಡಿ ಅತ್ತಿಗೆ. ಮಾವಂಗೆ ಈಗ ಯಾರು ಏನು ಅಂತ ಗೊತ್ತಾಗಕಿಲ್ಲ. ಯಾರೂ ನೋಡಾಕೂ ಇಲ್ಲ.”

ಅವಳು ಬಾಗಿಲ ಕಡೆ ಹೊರಟಳು. ಬಟ್ಟಲು ಬೆಚ್ಚಗಿತ್ತು. ಅಪ್ಪ ಕಣ್ಣು ಅರೆ ತೆರೆದಿದ್ದರು. ನಾನು ಕುರ್ಚಿ ಎಳೆದುಕೊಂಡು ಹತ್ತಿರ ಕೂತೆ, ಚಮಚದಲ್ಲಿ ಅರ್ಧ ಗಂಜಿ ತೆಗೆದೆ. “ಅಪ್ಪ, ನಾನು ನೇತ್ರಾ” ಎಂದೆ. ಯಾರೆಂದು ತಿಳಿಸದೆ ತಿನ್ನಿಸಬಾರದು ಎನ್ನಿಸಿ ಹೆಸರು ಹೇಳಿದೆ.

ಅವರು ಬಾಯಿ ತೆರೆದರು.

ಚಮಚ ಇನ್ನೂ ತುಟಿ ಮುಟ್ಟಿರಲಿಲ್ಲ. ಎಡಗೈ ಹೊದಿಕೆಯ ಮೇಲೆ ಹಾಗೇ ಬಿದ್ದಿತ್ತು, ಎತ್ತಲಿಲ್ಲ. ಬಾಯಿ ತೆರೆದುಕೊಂಡೇ ಇತ್ತು.

ಈ ಕೆಲಸದಲ್ಲಿ ಇದನ್ನು ನೂರು ಸಲ ನೋಡಿದ್ದೇನೆ. ಬುದ್ಧಿ ಪೂರ್ತಿ ಹೋದವರೂ ಚಮಚ ಕಂಡರೆ ಬಾಯಿ ತೆರೆಯುತ್ತಾರೆ. ಅದು ಮನಸ್ಸಿನದ್ದಲ್ಲ, ಮೈಯದ್ದು. ಕೂಸುಗಳು ಬಾಯಿ ತೆರೆಯುವ ಹಾಗೆ. ಅವರಿಗೆ ಬುದ್ಧಿ ಇದ್ದ ದಿನ ನನ್ನ ಕೈಯನ್ನು ಸರಿಸಿದ್ದರು. ಅದು ಅವರ ಮಾತು. ಬುದ್ಧಿ ಇಲ್ಲದ ಹೊತ್ತು ನೋಡಿ ಆ ಮಾತನ್ನು ಮುರಿದರೆ ಹೊಳೆಯಲ್ಲಿ ಮಾಡಿದ್ದನ್ನೇ ಇನ್ನೊಂದು ಸಲ ಮಾಡಿದ ಹಾಗೆ.

ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ನಮ್ಮ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಒಂದು ವರ್ಷ ಒಬ್ಬ ಮುದುಕ ನಾಚಿಕೊಂಡು ಕಾಲನ್ನು ಪಂಚೆಯೊಳಗೆ ಎಳೆದುಕೊಂಡ. ಫಾದರ್ ಬಗ್ಗಿದವರು ಬಗ್ಗಿದಂತೆಯೇ, ಅವನಾಗಿಯೇ ಕಾಲು ಮುಂದಿಡುವವರೆಗೆ ಕಾದರು. ಅಪ್ಪನ ಮುಂದೆ ಕೂತಾಗ ಅದು ನೆನಪಾಯಿತು. ಕಾಯಬೇಕು ಅಂದುಕೊಂಡೆ. ಇದೇ ನನ್ನ ಸೇವೆ, ಬಾಯಿ ಹತ್ತಿರ ಬಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು.

ಚಮಚವನ್ನು ಬಟ್ಟಲಿಗೆ ಹಾಕಿದೆ. “ಪ್ರೇಮ ಬತ್ತಾಳೆ ಅಪ್ಪ, ಒಂದ್ನಿಮಿಷ” ಎಂದೆ. ಅವರ ಬಾಯಿ ಇನ್ನೂ ಸ್ವಲ್ಪ ಹೊತ್ತು ತೆರೆದೇ ಇತ್ತು. ಆಮೇಲೆ ಮುಚ್ಚಿಕೊಂಡಿತು. ಪ್ರೇಮ ಬಂದು ಎಷ್ಟು ಪ್ರಯತ್ನಿಸಿದರೂ ಅವತ್ತು ಒಂದು ಚಮಚವೂ ಇಳಿಯಲಿಲ್ಲ.

ಮಾರನೆಯ ದಿನ ಪೂರ್ತಿ ಎಚ್ಚರ ತಪ್ಪಿತು. ಡಾಕ್ಟರು ಬಂದು ನೋಡಿ, ಇನ್ನು ಬಾಯಿಗೆ ಏನೂ ಕೊಡಬೇಡಿ ಎಂದರು. ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅಪ್ಪ ಹೋದರು.

ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದರು. ನಾನು ದೂರ ನಿಂತಿದ್ದೆ. ರುದ್ರೇಶ ಅಯ್ನೋರ ಹತ್ತಿರ ಏನೋ ಕೇಳಿ ನನ್ನ ಕಡೆ ಬಂದ. “ಬಾರಕ್ಕ, ನೀನೂ ಒಂದಿಡಿ ಮಣ್ಣಾಕು. ಮಗಳಲ್ವಾ ನೀನು” ಎಂದ. ಹಾಕಿದೆ. ಯಾರೂ ಏನೂ ಅನ್ನಲಿಲ್ಲ.

ಐದು ದಿನ ಕಳೆದು ನಾನು ಹಾಸನಕ್ಕೆ ಹೊರಟಾಗ ಪ್ರೇಮ ಕೋಣೆಯ ದಿಂಬುಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. ಜೊತೆಗೆ ಕೈಹಾಕಿದೆ. ಇಬ್ಬರೂ ಅಳು ಮುಗಿಸಿ ಸುಮ್ಮನೆ ಕೆಲಸ ಮಾಡುತ್ತಿದ್ದೆವು.

“ಅತ್ತಿಗೆ, ಒಂದ್ ಮಾತು ಕೇಳ್ಳಾ? ಅವತ್ತು ಲಾರಿ ಗಲಾಟೆ ಆದ ದಿನ ಮಾವ ಬಾಯಿ ತೆಗ್ದಿದ್ರಲ್ಲ, ಬಾಗ್ಲಿಂದ ನೋಡ್ದೆ ನಾನು. ಓಗ್ತಾ ಓಗ್ತಾ ತಿರುಗಿ ನೋಡ್ದೆ. ನೀವ್ಯಾಕೆ ಕೊಡ್ಲಿಲ್ಲ?”

“ಅದು ಅವರಾಗೇ ತೆಗ್ದಿದ್ದಲ್ಲ ಪ್ರೇಮ. ಚಮಚ ಕಂಡ್ರೆ ಎಲ್ರೂ ಹಾಗೆ ತೆಗೀತಾರೆ.”

ಅವಳು ದಿಂಬನ್ನು ತಟ್ಟುತ್ತಿದ್ದವಳು ನಿಲ್ಲಿಸಿದಳು.

“ಎಲ್ರೂ ತೆಗೀತಾರಾ? ನಂಗೆ ಒಂದಿನಾನೂ ತೆಗೀಲಿಲ್ಲ ಕಣತ್ತಿಗೆ. ದಿನಾ ಗಲ್ಲ ಒತ್ತಿ ಒತ್ತಿ ತೆಗುಸ್ತಿದ್ದೆ. ನೀವು ಬಾಗ್ಲಾಚೆ ಇರ್ತಿದ್ರಲ್ಲ, ನಿಮಗೆ ಕಾಣ್ತಿರ್ಲಿಲ್ಲ.”

ನಾನು ದಿಂಬಿನ ಹತ್ತಿಯನ್ನು ಸರಿಮಾಡುತ್ತಲೇ ಇದ್ದೆ. “ಇರಬಹುದು” ಎಂದೆ. ಅವಳಿಗೆ ತಾನು ಏನು ಹೇಳಿದೆ ಎನ್ನುವುದು ಆಮೇಲೆ ಹೊಳೆಯಿತು. “ಅಯ್ಯೋ, ನನ್ ಬಾಯಿಗಿಷ್ಟು, ಮೈಯದ್ದೇ ಇರ್ಬೇಕು ಬಿಡಿ, ನಿಮಗೆ ಗೊತ್ತಿಲ್ಲದ್ದಾ” ಎಂದು ನನ್ನ ಕೈ ಹಿಡಿದುಕೊಂಡಳು.

ಮೈಯದ್ದೋ ಮನಸ್ಸಿನದ್ದೋ ಹೇಳುವವರು ಇಲ್ಲ. ಹೆಸರು ಹೇಳಿದ್ದೆ ನಾನು. ಹೆಸರು ಕೇಳಿದ ಮೇಲೆ ಬಾಯಿ ತೆರೆದಿದ್ದರು.

ಈಸ್ಟರ್ ಕಳೆದ ಶನಿವಾರ ಹಾಸನದ ಚರ್ಚಿನಲ್ಲಿ ಪಾಪನಿವೇದನೆಗೆ ಮೊಣಕಾಲೂರಿದೆ. ಜಾಲರಿಯ ಆಚೆ ಈಗ ಬೇರೆ ಫಾದರ್, ಚಿಕ್ಕ ವಯಸ್ಸಿನವರು. ಎಲ್ಲವನ್ನೂ ಹೇಳಿದೆ.

“ಅಮ್ಮ, ಇದು ಪಾಪವಲ್ಲ,” ಎಂದರು. “ನೀವು ಅವರ ಮೇಲಿನ ಪ್ರೀತಿಯಿಂದ, ಅವರ ಮಾತಿಗೆ ಗೌರವ ಕೊಟ್ಟು ಮಾಡಿದ್ದೀರಿ. ಇದಕ್ಕೆ ನಾನು ಪಾಪಕ್ಷಮೆ ಕೊಡುವಂಥದ್ದು ಏನೂ ಇಲ್ಲ.”

“ಒಂದ್ಸಲ ಕೊಟ್ಬಿಡಿ ಫಾದರ್” ಎಂದೆ.

“ಪಾಪವಿಲ್ಲದ ಕಡೆ ಹೇಗಮ್ಮ ಕೊಡಲಿ?”

ಹೊಳೆಯಲ್ಲಿ ಮಾಡಿದ್ದಕ್ಕೆ ಅಂದೇ ಕ್ಷಮೆ ಸಿಕ್ಕಿತ್ತು. ಅದು ಪಾಪವಾಗಿತ್ತು, ಅದಕ್ಕೊಂದು ದಾರಿಯಿತ್ತು. ಇದನ್ನು ಎಲ್ಲಿ ಇಳಿಸುವುದು? ಅವರು ನನಗಾಗಿ ಪ್ರಾರ್ಥಿಸಿದರು, ಅಪ್ಪನ ಹೆಸರು ಕೇಳಿ ಅವರಿಗಾಗಿಯೂ ಪ್ರಾರ್ಥಿಸಿದರು. ಷಡಕ್ಷರಪ್ಪ ಎಂದು ನಾನು ಹೇಳಿದ್ದನ್ನು ಆ ಹುಡುಗ ಫಾದರ್ ಜಾಗ್ರತೆಯಿಂದ, ಒತ್ತು ತಪ್ಪದ ಹಾಗೆ ಉಚ್ಚರಿಸಿದರು.

ನನ್ನ ಹಿಂದೆ ಇನ್ನೂ ನಾಲ್ಕೈದು ಜನ ಕಾಯುತ್ತಿದ್ದರು. ಮೊಣಕಾಲು ಹಿಡಿದುಕೊಂಡಿತ್ತು, ಗೋಡೆ ಹಿಡಿದು ಎದ್ದೆ.